ಸೀತಾಳೆ ದಂಡೆ: ಬಳಕೆದಾರರ ಕೈಪಿಡಿ



ಈ ಉತ್ಪನ್ನವನ್ನು ಆರಿಸಿಕೊಂಡದ್ದಕ್ಕೆ ಧನ್ಯವಾದಗಳು ಎಂದು ಶುರುಮಾಡುವುದು ಕೈಪಿಡಿಗಳ ವಾಡಿಕೆ. ಇಲ್ಲಿ ಆ ಮಾತು ಹೊಂದುವುದಿಲ್ಲ. ನಿಮ್ಮ ಹಿತ್ತಿಲ ಹಳೇ ಮಾವಿನಮರದ ಕವಲಿನಲ್ಲಿ ಜೋತುಕೊಂಡಿರುವ ಸೀತಾಳೆ ದಂಡೆಯನ್ನು ನೀವೇನೂ ಆರಿಸಿ ತಂದಿಲ್ಲ. ನೀವು ಈ ಮನೆಗೆ ಸೊಸೆಯಾಗಿ ಬರುವ ಎಷ್ಟೋ ಮೊದಲೇ ಅದು ಗಾಳಿಯಲ್ಲಿ ಬಂದು, ಮರ ನೋಡಿ, ಒಪ್ಪಿಗೆಯಾಗಿ ಕೂತಿದೆ. ಹಾಗಾಗಿ ಈ ಸಂಬಂಧದಲ್ಲಿ ಬಳಕೆದಾರರು ಯಾರು ಎಂಬುದರ ಬಗ್ಗೆ ಕೈಪಿಡಿ ಬರೆದವರಿಗೂ ಗೊಂದಲವಿದೆ. ಸದ್ಯಕ್ಕೆ ನೀವೇ ಎಂದಿಟ್ಟುಕೊಂಡು ಮುಂದುವರಿಯೋಣ.

ಸಸ್ಯಶಾಸ್ತ್ರದಲ್ಲಿ ಈ ಆರ್ಕಿಡ್‌ನ ಮಾದರಿಯ ಹೆಸರು ರಿಂಕೋಸ್ಟೈಲಿಸ್ ರೆಟ್ಯೂಸಾ. ವನವಾಸದಲ್ಲಿ ಸೀತಮ್ಮ ಮುಡಿದ ಹೂವೆಂದು ಮಲೆನಾಡಿನವರು ನಂಬುತ್ತಾರೆ. ಅಸ್ಸಾಮಿನಲ್ಲಿ ಇದೇ ಹೂವು ಕೊಪೌ ಫೂಲ್ ಎನಿಸಿಕೊಂಡು ಬಿಹು ಕುಣಿಯುವ ಹುಡುಗಿಯರ ತುರುಬು ಸೇರುತ್ತದೆ. ಅಸ್ಸಾಂ, ಅರುಣಾಚಲ ಪ್ರದೇಶ ಎರಡಕ್ಕೂ ಇದು ರಾಜ್ಯಪುಷ್ಪ. ಎರಡು ಸರ್ಕಾರಗಳ ಮಾನ್ಯತೆ ಪಡೆದ ಈ ಗಿಡ ನಿಮ್ಮ ಮನೆಯ ಬಚ್ಚಲ ಹಿಂದಿನ ಮರದಲ್ಲಿ ವಾಸವಾಗಿದೆ ಎಂಬುದನ್ನು ನೆಂಟರಿಗೆ ಹೇಳಿಕೊಳ್ಳಲು ಅಡ್ಡಿಯಿಲ್ಲ. ಭಾರತೀಯ ಸಸ್ಯ ಸರ್ವೇಕ್ಷಣಾಲಯ 2019ರಲ್ಲಿ ಹೊರತಂದ ಪಟ್ಟಿಯಲ್ಲಿ ನಮ್ಮ ದೇಶದ 1256 ಬಗೆಯ ಆರ್ಕಿಡ್‌ಗಳಿವೆ. ಅವುಗಳಿಗೆಲ್ಲ ಒಂದೊಂದು ಕೈಪಿಡಿ ಬರೆಯುವಷ್ಟು ಪುರಸೊತ್ತು ಯಾರಿಗೂ ಇಲ್ಲದ್ದರಿಂದ ಇದೊಂದರಲ್ಲೇ ಸುಧಾರಿಸಿಕೊಳ್ಳಿ.

ಸುರಕ್ಷತೆಯ ಸೂಚನೆ

ಅಪಾಯವಿರುವುದು ಗಿಡಕ್ಕೆ, ನಿಮಗೆ ಏನೂ ಆಗುವುದಿಲ್ಲ. ಮೊದಲು ಕೈಯಲ್ಲಿರುವ ಕತ್ತಿಯನ್ನು ಜಗಲಿಯ ಮೇಲಿಡಿ.

ಮಾವು ಸರಿಯಾಗಿ ಕಾಯಿ ಕಚ್ಚದ ವರ್ಷ ಮನೆಯ ಹಿರಿಯರೊಬ್ಬರು ತಲೆಯೆತ್ತಿ ನೋಡಿ, "ಈ ಬಂದಳಿಕೆ ಮರದ ರಸ ಎಲ್ಲ ಹೀರ್ತಾ ಇದೆ, ತೆಗೆಸಿ ಹಾಕೋ ಮಾರಾಯ" ಎನ್ನುತ್ತಾರೆ. ಮಾವು ಹೂಬಿಟ್ಟಾಗ ಮೋಡ ಮುಸುಕಿತ್ತು, ಜಿಗಿಹುಳು ಮುತ್ತಿತ್ತು ಎಂಬುದು ಆ ಹೊತ್ತಿಗೆ ಯಾರ ನೆನಪಿನಲ್ಲೂ ಇರುವುದಿಲ್ಲ. ಮರ ಹತ್ತುವವನಿಗೆ ಕೂಲಿ ಗೊತ್ತಾಗುತ್ತದೆ. ಅಜ್ಜನ ಕಾಲದ ಸೀತಾಳೆ ಬುಡಗಳು ಸಂಜೆಯೊಳಗೆ ಗೊಬ್ಬರದ ಗುಂಡಿ ಸೇರುತ್ತವೆ. ಮುಂದಿನ ವರ್ಷವೂ ಮಾವು ಕಾಯಿ ಬಿಡುವುದಿಲ್ಲ.

ಹಿರಿಯರ ಮಾತು ಪೂರ್ತಿ ಸುಳ್ಳೇನಲ್ಲ. ರಸ ಹೀರುವ ಬಂದಳಿಕೆ ಬೇರೆಯೇ ಇದೆ, ಅದೂ ಅದೇ ಮರದಲ್ಲಿರಬಹುದು. ಅದು ಪೊದೆಯಂಥ ಗಟ್ಟಿ ಕಾಂಡದ ಗಿಡ. ಕೊಂಬೆಯೊಳಗೇ ಬೇರಿಳಿಸಿರುತ್ತದೆ, ಸೇರಿದ ಜಾಗ ಗಂಟುಗಂಟಾಗಿ ಊದಿಕೊಂಡಿರುತ್ತದೆ. ಅದರ ಹಣ್ಣು ತಿಂದ ಪುಟ್ಟ ಬದನಿಕೆ ಹಕ್ಕಿ ಅಂಟಂಟು ಬೀಜವನ್ನು ಇನ್ನೊಂದು ಕೊಂಬೆಗೆ ಒರೆಸಿ ಹೋಗುತ್ತದೆ. ಅದನ್ನು ಬೇಕಾದರೆ ಕೊಂಬೆ ಸಮೇತ ಕಡಿಯಿರಿ, ಈ ಕೈಪಿಡಿಯ ತಕರಾರಿಲ್ಲ. ಸೀತಾಳೆಯ ಬೇರನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸಿ ನೋಡಿದರೆ ತೊಗಟೆಯ ಮೇಲಷ್ಟೇ ಅಂಟಿಕೊಂಡಿರುತ್ತದೆ, ಒಳಗೆ ಒಂದು ಎಳೆಯೂ ಇಳಿದಿರುವುದಿಲ್ಲ. ಮರದಿಂದ ಅದಕ್ಕೆ ಬೇಕಾದದ್ದು ನಿಲ್ಲಲು ಜಾಗ ಮತ್ತು ಒಂದಿಷ್ಟು ಬೆಳಕು. ಊಟ ತಿಂಡಿಯ ವ್ಯವಸ್ಥೆ ಅದರದೇ.

ಪೆಟ್ಟಿಗೆಯೊಳಗೆ ಏನೇನಿದೆ

ಕುಂಡ ಇಲ್ಲ, ಮಣ್ಣಿಲ್ಲ, ಗೊಬ್ಬರದ ಪೊಟ್ಟಣವಿಲ್ಲ. ಕಳೆದುಹೋಗಿದೆ ಎಂದು ಅಂಗಡಿಗೆ ಫೋನ್ ಮಾಡಬೇಡಿ, ಅವು ಬರುವುದೇ ಇಲ್ಲ.

ದಪ್ಪನೆಯ, ನಡುವೆ ದೋಣಿಯಂತೆ ಮಡಿಚಿಕೊಂಡ ಉದ್ದನೆ ಎಲೆಗಳಿವೆ. ತುದಿಯನ್ನು ಯಾರೋ ಓರೆಯಾಗಿ ಕಚ್ಚಿ ತೆಗೆದಂತೆ ಕಾಣುತ್ತದೆ. ಅದು ಸಾಗಣೆಯಲ್ಲಿ ಆದ ಹಾನಿ ಅಲ್ಲ, ವಿನ್ಯಾಸವೇ ಹಾಗೆ. ಎಲೆಯ ಉಸಿರುರಂಧ್ರಗಳು ಬಹುಮಟ್ಟಿಗೆ ರಾತ್ರಿ ತೆರೆಯುತ್ತವೆ. ಹಗಲು ಬಿಸಿಲಿನಲ್ಲಿ ಬಾಯಿ ತೆರೆದರೆ ಇದ್ದಬದ್ದ ನೀರೆಲ್ಲ ಆವಿಯಾದೀತೆಂದು ರಾತ್ರಿಯೇ ಇಂಗಾಲದ ಡೈ ಆಕ್ಸೈಡ್ ಎಳೆದು ಆಮ್ಲವಾಗಿ ಕೂಡಿಟ್ಟುಕೊಂಡು, ಬೆಳಕಾದ ಮೇಲೆ ಬಾಗಿಲು ಹಾಕಿಕೊಂಡು ಅಡುಗೆ ಮಾಡುತ್ತವೆ. ಮರದ ಮೇಲೆ ಬದುಕುವ ಹಲವು ಆರ್ಕಿಡ್‌ಗಳದ್ದು ಇದೇ ಪದ್ಧತಿ. ಈ ಪವರ್ ಸೇವಿಂಗ್ ಮೋಡ್ ಆಫ್ ಮಾಡಲು ಬಟನ್ ಇರುವುದಿಲ್ಲ.

ನಿಜವಾದ ಯಂತ್ರವಿರುವುದು ಬೇರಿನಲ್ಲಿ. ಸೀತಾಳೆಯ ಬೇರು ಕಿರುಬೆರಳಿನ ಗಾತ್ರಕ್ಕೂ ಬರುತ್ತದೆ, ಗಾಳಿಯಲ್ಲೇ ಇಳಿಬಿದ್ದಿರುತ್ತದೆ. ಒಣಗಿದ್ದಾಗ ಬೆಳ್ಳಿಯ ಬೂದುಬಣ್ಣ. ಒಂದು ಚೊಂಬು ನೀರು ಹಾಕಿ ನೋಡಿ, ನೋಡುತ್ತಿದ್ದಂತೆಯೇ ಹಸಿರಾಗುತ್ತದೆ. ಬೇರಿನ ಮೈಗೆ ಸತ್ತ ಕೋಶಗಳದೊಂದು ಸ್ಪಂಜಿನ ಹೊದಿಕೆ ಇದೆ, ಅದಕ್ಕೆ ವೆಲಾಮೆನ್ ಎನ್ನುತ್ತಾರೆ. ಒಣಗಿದ್ದಾಗ ಆ ಕೋಶಗಳಲ್ಲಿ ಗಾಳಿ ತುಂಬಿ ಬೆಳ್ಳಗೆ ಕಾಣುತ್ತದೆ. ನೀರು ತುಂಬಿದಾಗ ಪಾರದರ್ಶಕವಾಗಿ ಒಳಗಿನ ಹಸಿರು ಹೊರಗೆ ಬೀಳುತ್ತದೆ. ಹೌದು, ಈ ಬೇರಿಗೂ ಪತ್ರಹರಿತ್ತಿದೆ, ಎಲೆಯ ಕೆಲಸವನ್ನು ಅದೂ ಅಷ್ಟಿಷ್ಟು ಮಾಡುತ್ತದೆ. ಗ್ರಾಹಕರ ಅನುಕೂಲಕ್ಕೆ ಇದಕ್ಕಿಂತ ಒಳ್ಳೆಯ ಇಂಡಿಕೇಟರ್ ದೀಪ ಯಾವ ಮಿಕ್ಸಿಯಲ್ಲೂ ಇಲ್ಲ. ಬೆಳ್ಳಗಿದ್ದರೆ ನೀರು ಕುಡಿಯಲು ತಯಾರಿದೆ, ಹಸಿರಿದ್ದರೆ ಕುಡಿದಾಗಿದೆ. ದಿನವಿಡೀ ಹಸಿರಾಗಿಯೇ ಇದ್ದರೆ ನೀವು ಅತಿಯಾಗಿ ಉಪಚರಿಸುತ್ತಿದ್ದೀರಿ, ಬೇರು ಕೊಳೆಯುತ್ತದೆ. ಮಳೆಗಾಲ ಇದಕ್ಕೆ ಅಪವಾದ. ಮಳೆಗಾಲದ ಜವಾಬ್ದಾರಿ ನಿಮ್ಮದಲ್ಲ.

ಎಲ್ಲಿ ಸಿಗುತ್ತದೆ

ಹಿತ್ತಿಲಲ್ಲಿ ಹಳೇ ಮರವಿಲ್ಲದವರು, ಇದ್ದೂ ಮೇಲಿನ ಹಿರಿಯರ ಮಾತು ಕೇಳಿದವರು ಇಲ್ಲಿಂದ ಓದಬಹುದು.

ಬೀಜದಿಂದ ಬೆಳೆಸುತ್ತೇನೆ ಎಂಬ ಹುಮ್ಮಸ್ಸಿದ್ದರೆ ಒಂದು ಲೋಟ ಮಜ್ಜಿಗೆ ಕುಡಿದು ಕೂತುಕೊಳ್ಳಿ. ಆರ್ಕಿಡ್‌ನ ಒಂದು ಕಾಯಿಯಲ್ಲಿ ಸಾವಿರಾರು ಬೀಜಗಳು, ಕೆಲವು ಜಾತಿಗಳಲ್ಲಿ ಲಕ್ಷಗಟ್ಟಲೆ. ಕಾಯಿ ಬಿರಿದಾಗ ಧೂಳಿನಂತೆ ಹಾರಿಹೋಗುತ್ತವೆ. ಇಷ್ಟು ಹಗುರಾಗಲು ಕಾರಣ, ಬೇರೆ ಬೀಜಗಳಂತೆ ಅವುಗಳ ಹೊಟ್ಟೆಯಲ್ಲಿ ಬುತ್ತಿ ಕಟ್ಟಿರುವುದಿಲ್ಲ. ಬಿದ್ದ ಜಾಗದಲ್ಲಿ ಒಗ್ಗುವ ಶಿಲೀಂಧ್ರವೊಂದು ಸಿಕ್ಕಿ, ಅದು ಬೀಜದೊಳಗೆ ನುಗ್ಗಿ, ಬೀಜ ಅದನ್ನೇ ಜೀರ್ಣಿಸಿಕೊಂಡರೆ ಮಾತ್ರ ಮೊಳಕೆ. ಫ್ರಾನ್ಸಿನ ನೊಯೆಲ್ ಬೆರ್ನಾರ್ 1899ರಲ್ಲಿ ಈ ಗುಟ್ಟು ಕಂಡುಹಿಡಿಯುವವರೆಗೆ ಯುರೋಪಿನ ಶ್ರೀಮಂತರ ಗಾಜಿನಮನೆಗಳಲ್ಲಿ ಆರ್ಕಿಡ್ ಬೀಜ ಹುಟ್ಟಿಸುವುದು ಹೆಚ್ಚುಕಮ್ಮಿ ಅದೃಷ್ಟದ ಆಟವಾಗಿತ್ತು. 1922ರಲ್ಲಿ ಅಮೆರಿಕದ ಲೂಯಿಸ್ ನುಡ್ಸನ್ ಶಿಲೀಂಧ್ರದ ಹಂಗಿಲ್ಲದೆ ಸಕ್ಕರೆ ಬೆರೆಸಿದ ಅಗರ್ ಮೇಲೆ ಬೀಜ ಮೊಳೆಯಿಸಿ ತೋರಿಸಿದರು. ಇವತ್ತಿನ ಟಿಶ್ಯೂ ಕಲ್ಚರ್ ಲ್ಯಾಬುಗಳ ಬಾಟಲಿ ಸಸಿಗಳು ಆ ದಾರಿಯವು.

ಅಡಿಕೆ ತೋಟದವರಿಗೆ ಇಲ್ಲೊಂದು ಪಿರಿಪಿರಿ ಇದೆ. ಕೊಳೆರೋಗಕ್ಕೆಂದು ನೀವು ಮಳೆಗಾಲದಲ್ಲಿ ಹೊಡೆಸುವ ಬೋರ್ಡೋ ದ್ರಾವಣ ಮೈಲುತುತ್ತ ಮತ್ತು ಸುಣ್ಣದ್ದು. ಅದರ ಕಸುಬೇ ಶಿಲೀಂಧ್ರ ಕೊಲ್ಲುವುದು. ಯಾವುದು ಅಡಿಕೆಕಾಯಿ ಉದುರಿಸುತ್ತದೆ, ಯಾವುದು ಸೀತಾಳೆಯ ಮಗುವಿಗೆ ಹಾಲೂಡುತ್ತದೆ ಎಂದು ಅದು ವಿಚಾರಿಸುವುದಿಲ್ಲ. ಎಷ್ಟೋ ಆರ್ಕಿಡ್‌ಗಳ ಎಲೆಬೇರುಗಳಿಗೂ ತಾಮ್ರ ಆಗಿಬರುವುದಿಲ್ಲ. ಹಾಗೆಂದು ಬೋರ್ಡೋ ಬಿಡಿ ಎಂದು ಹೇಳುವ ಧೈರ್ಯ ಮಲೆನಾಡಿನಲ್ಲಿ ಯಾರಿಗಿದೆ? ಸೀತಾಳೆಯನ್ನು ಅಡಿಕೆಮರಕ್ಕೆ ಕಟ್ಟಬೇಡಿ, ಅಷ್ಟೇ. ಹೇಗೂ ಆ ನುಣುಪು ಕಾಂಡ ಅದಕ್ಕೆ ಅಷ್ಟೇನೂ ಪ್ರಿಯವಲ್ಲ.

ಕಾಡಿನಿಂದ ಕಿತ್ತು ತರುವುದು ಇನ್ನೊಂದು ದಾರಿ. ಅದನ್ನು ತುಳಿಯುವವರೇ ಹೆಚ್ಚು. ಘಾಟಿಯ ತಿರುವುಗಳಲ್ಲಿ ಗೋಣಿ ಹಾಸಿ ಬುಡ ಸಮೇತ ಕಿತ್ತ ಆರ್ಕಿಡ್ ಮಾರುವವರೂ ಇದ್ದಾರೆ. ಕೊಂಡ ಗಿಡ ಕಾರಿನ ಡಿಕ್ಕಿಯಲ್ಲಿ ಬೆಂಗಳೂರು ಮುಟ್ಟಿ, ಬಾಲ್ಕನಿಯಲ್ಲಿ ಬೇಸಿಗೆ ಕಾಣದೆ ಸಾಯುತ್ತದೆ. ಮೀಸಲು ಅರಣ್ಯದಿಂದ ಗಿಡ ಕೀಳುವುದು ಅಪರಾಧ. ದೇಶದಾಚೆ ಸಾಗಿಸುವುದಾದರೆ ಇಡೀ ಆರ್ಕಿಡ್ ಕುಟುಂಬವೇ ವನ್ಯಜೀವಿ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಅನುಬಂಧಗಳಲ್ಲಿದೆ. ಕಾನೂನಿನ ಹೆದರಿಕೆ ಇಲ್ಲದವರಿಗೆ ಲೆಕ್ಕದ ಮಾತು: ಧೂಳಿನಂಥ ಬೀಜ ಶಿಲೀಂಧ್ರ ಹುಡುಕಿಕೊಂಡು, ಮೊಳೆತು, ಹೂಬಿಡುವಷ್ಟು ದೊಡ್ಡದಾಗಲು ವರ್ಷಗಳೇ ಬೇಕು. ಕೀಳಲು ಒಂದು ದೋಟಿ ಸಾಕು.

ನ್ಯಾಯವಾದ ಮೂಲಗಳೂ ಇವೆ. ಆಷಾಢದ ಗಾಳಿಗೆ ಮುರಿದುಬಿದ್ದ ಕೊಂಬೆ, ಸೊಪ್ಪಿನ ಬೆಟ್ಟದಲ್ಲಿ ಸೊಪ್ಪು ಕಡಿದಾಗ ಕೆಳಗೆ ಬಂದ ಟೊಂಗೆ, ಉರುಳಿದ ಮರ. ನೆಲಕ್ಕೆ ಬಿದ್ದ ಸೀತಾಳೆ ಅಲ್ಲೇ ಇದ್ದರೆ ನೆರಳಿಗೂ ತೇವಕ್ಕೂ ಕೊಳೆಯುತ್ತದೆ, ಎತ್ತಿ ತಂದರೆ ಪುಣ್ಯ. ಇದನ್ನೇ ಬದುಕಿನ ಕೆಲಸ ಮಾಡಿಕೊಂಡವರಿದ್ದಾರೆ. ಜರ್ಮನಿಯಿಂದ ಬಂದ ವೋಲ್ಫ್‌ಗಾಂಗ್ ಥಿಯರ್‌ಕಾಫ್ 1981ರಲ್ಲಿ ವಯನಾಡಿನಲ್ಲಿ ಶುರುಮಾಡಿದ ಗುರುಕುಲ ಸಸ್ಯಧಾಮ, ಕಾಡು ಕಳೆದುಕೊಂಡ ಪಶ್ಚಿಮಘಟ್ಟದ ಗಿಡಗಳಿಗೆ ಬಿಡಾರ ಕೊಡುತ್ತ ಬಂದಿದೆ. ನೆರೆಮನೆಯವರ ಮರದಲ್ಲಿ ಹುಲುಸಾಗಿದ್ದರೆ ಕೇಳಿ ತನ್ನಿ. ಕೇಳಿ ತಂದ ಗಿಡ ಬದುಕುವುದಿಲ್ಲ, ಕದ್ದದ್ದೇ ಚಿಗುರುವುದು ಎಂದು ನಮ್ಮ ಹೆಂಗಸರಲ್ಲಿ ಗಾಢ ನಂಬಿಕೆಯಿದೆ. ಎರಡನ್ನೂ ಒಪ್ಪಿಸಲು ಒಂದು ಉಪಾಯ: "ಅತ್ತಿಗೆ, ನಾನು ಕದೀತೀನಿ, ನೀವು ಆಚೆ ತಿರುಗಿ" ಎಂದು ಹೇಳಿ ತರುವುದು.

ಅಳವಡಿಕೆ

ಕಾಲ: ರೋಹಿಣಿ ಮಳೆ ಹನಿದು ಮೃಗಶಿರ ಹಿಡಿಯುವ ಹೊತ್ತು. ಹೊಸ ಬೇರು ಹೊರಡುವುದೇ ಆಗ. ಬೇಸಿಗೆಯ ನಡುವೆ ಕಟ್ಟಿದರೆ ಹಿಡಿದುಕೊಳ್ಳಲು ಬೇರಿಲ್ಲದೆ ಒಣಗುತ್ತದೆ.

ಮರ: ತೊಗಟೆ ಒರಟಾಗಿರಬೇಕು, ಉದುರಬಾರದು. ಮಾವು, ಹಲಸು, ಮತ್ತಿ, ನೇರಳೆ ಬಹಳ ಒಳ್ಳೆಯವು. ಪೇರಲೆ, ನೀಲಗಿರಿ ಬೇಡ. ಅವು ತೊಗಟೆ ಸುಲಿದುಕೊಳ್ಳುವಾಗ ಬಾಡಿಗೆದಾರನನ್ನೂ ಸೇರಿಸಿ ಕೆಳಕ್ಕೆ ಬಿಡುತ್ತವೆ. ನೀವು ದಿನಾ ಕಾಫಿ ಕುಡಿಯುವ ಜಗಲಿಯಿಂದ ಕಾಣುವ ಕಡೆ, ಬೆಳಗಿನ ಬಿಸಿಲು ಬೀಳುವ ಮಗ್ಗುಲು ನೋಡಿ. ತೀರಾ ಎತ್ತರಕ್ಕೆ ಕಟ್ಟಿದರೆ ಹೂವು ನೋಡುವ ಭಾಗ್ಯ ಕಾಗೆಗೆ. ಚಗಳಿ ಗೂಡುಕಟ್ಟಿದ ಕೊಂಬೆಗೆ ಏಣಿ ಹಾಕುವ ಮುನ್ನ ಎರಡು ಸಲ ಯೋಚಿಸಿ. ಆ ಇರುವೆಗಳಿಗೆ ಪರಿಸರ ಪ್ರೇಮಿ, ಪರಿಸರ ದ್ರೋಹಿ ಎಂಬ ಭೇದವಿಲ್ಲ.

ಕಟ್ಟುವ ಕ್ರಮ: ಕೊಳೆತ ಬೇರನ್ನು ಕತ್ತರಿಸಿ, ಬುಡವನ್ನು ತೊಗಟೆಗೆ ಒತ್ತಿ, ಎಲೆಯ ಸುಳಿ ತುಸು ಹೊರಬಾಗುವಂತೆ ಹಿಡಿಯಿರಿ. ಸುಳಿಯಲ್ಲಿ ಮಳೆನೀರು ನಿಂತರೆ ಗಿಡ ಕೊಳೆಯುತ್ತದೆ, ಬಾಗಿದ್ದರೆ ಇಳಿದುಹೋಗುತ್ತದೆ. ಬಾಳೆನಾರಿನಿಂದಲೋ ಹಳೇ ಪಂಚೆಯ ಅಂಚಿನಿಂದಲೋ ಅಲ್ಲಾಡದಂತೆ ಕಟ್ಟಿ. ನಾರು ಲಡ್ಡಾಗುವ ಹೊತ್ತಿಗೆ ಬೇರು ತಾನೇ ಮರ ಹಿಡಿದಿರುತ್ತದೆ. ತಂತಿ ಬೇಡ, ನೈಲಾನ್ ಹಗ್ಗ ಬೇಡವೇ ಬೇಡ. ಬುಡಕ್ಕೆ ಮಣ್ಣು ಮೆತ್ತುವುದು, ಸಗಣಿ ಮೆತ್ತುವುದು, ತೆಂಗಿನ ನಾರಿನ ದೊಡ್ಡ ಮೂಟೆ ಕಟ್ಟುವುದು ಮುಂತಾದ ಪ್ರೀತಿಯ ಪ್ರದರ್ಶನಗಳನ್ನು ಮಲೆನಾಡಿನ ಮಳೆಯಲ್ಲಿ ಮಾಡಬಾರದು. ಗಾಳಿಯಾಡದ ಬೇರು ಉಳಿಯುವುದಿಲ್ಲ.

ಬಳಿಕ ಬೇರು ಹಿಡಿದಿದೆಯೇ ಎಂದು ಪ್ರತಿದಿನ ಅಲ್ಲಾಡಿಸಿ ನೋಡಬೇಡಿ. ಹಿಡಿದಿದ್ದರೆ ಅದರಿಂದಲೇ ಬಿಡುತ್ತದೆ.

ನೀರು ಮತ್ತು ಗೊಬ್ಬರ

ಮಳೆಗಾಲದಲ್ಲಿ ಬಳಕೆದಾರರು ಮಾಡಬೇಕಾದದ್ದು ಏನೂ ಇಲ್ಲ. ಹೊಸದಾಗಿ ಕಟ್ಟಿದ ಗಿಡಕ್ಕೆ ಬೇಸಿಗೆಯಲ್ಲಿ ಬೆಳಗ್ಗೆ ಬಾವಿನೀರು ಚಿಮುಕಿಸಿ. ಹಳೇ ಗಿಡಕ್ಕೆ ಇಬ್ಬನಿ, ಮಂಜು ಸಾಕು. ಗೊಬ್ಬರ ಹಾಕಲೇಬೇಕೆಂದು ಕೈ ತುರಿಸಿದರೆ ಬದನೆಗಿಡಕ್ಕೆ ಹಾಕಿ.

ದೋಷ ಪತ್ತೆ ಮತ್ತು ಪರಿಹಾರ

ಗಿಡ ಸತ್ತಂತಿದೆ, ಒಣಕಡ್ಡಿಗಳಷ್ಟೇ ಉಳಿದಿವೆ. ಇದು ಸೀತಾಳೆಯ ದೂರಲ್ಲ, ಅದರ ದಾಯಾದಿ ಡೆಂಡ್ರೋಬಿಯಂನದು. ನಮ್ಮ ಘಟ್ಟದ ಡೆಂಡ್ರೋಬಿಯಂ ಓವೇಟಂ, ಬಾರ್ಬ್ಯಾಟುಲಂ ಮಳೆ ನಿಂತಮೇಲೆ ಎಲೆ ಉದುರಿಸಿ ಬೋಳಾಗುತ್ತವೆ. ಸ್ವಚ್ಛತೆ ಜಾಸ್ತಿಯಿರುವ ಮನೆಗಳಲ್ಲಿ ಇಷ್ಟಕ್ಕೇ ಅವು ಒಲೆ ಸೇರುತ್ತವೆ. ತಾಳ್ಮೆಯಿದ್ದ ಮನೆಗಳಲ್ಲಿ ಚಳಿಗಾಲದಲ್ಲಿ ಅದೇ ಬೋಳು ಕಡ್ಡಿಯ ಮೈತುಂಬ ಬಿಳಿ ಹೂವು.

ನೆಲದ ಆರ್ಕಿಡ್ ಮಾಯವಾಗಿದೆ. ಅದು ರಜೆಯ ಮೇಲಿದೆ. ಹಬನೇರಿಯಾ, ಪೆಕ್ಟೈಲಿಸ್ ಮುಂತಾದವು ಮಳೆಗಾಲದಲ್ಲಿ ಎದ್ದು ಹೂಬಿಟ್ಟು, ಆಮೇಲೆ ನೆಲದೊಳಗಿನ ಗೆಡ್ಡೆಯಷ್ಟೇ ಆಗಿ ಬೇಸಿಗೆ ಕಳೆಯುತ್ತವೆ. ಪೆಕ್ಟೈಲಿಸ್ ಜೈಗಾಂಟಿಯಾದ ಅಂಗೈಯಗಲದ ಅಚ್ಚಬಿಳಿ ಹೂವು ಕತ್ತಲಾದ ಮೇಲೆ ಪರಿಮಳ ಬಿಡುತ್ತದೆ. ಹೂವಿನ ಹಿಂದಿನ ಉದ್ದನೆಯ ನಳಿಕೆಯ ತಳದಲ್ಲಿ ಮಕರಂದವಿದೆ, ಅಷ್ಟು ಉದ್ದದ ನಾಲಗೆಯಿರುವ ಇರುಳು ಪತಂಗಕ್ಕೆ ಮೀಸಲು. ಕಂಡ ಜಾಗಕ್ಕೆ ಒಂದು ಗೂಟ ನೆಟ್ಟು ಗುರುತು ಮಾಡಿ. ಇಲ್ಲದಿದ್ದರೆ ಫೆಬ್ರವರಿಯಲ್ಲಿ ನೀವೇ ಅಲ್ಲಿ ಗುದ್ದಲಿ ಹಾಕುತ್ತೀರಿ.

ಹಸಿರಾಗಿದೆ, ಹೂವಿಲ್ಲ. ನೆರಳು ಹೆಚ್ಚಾಗಿದೆ. ಹಾಗೆಂದು ನಡುಬಿಸಿಲಿಗೆ ತಂದು ಕಟ್ಟಬೇಡಿ, ಎಲೆ ಸುಟ್ಟು ಹಳದಿಯಾಗುತ್ತದೆ.

ಮಂಗ. ಪರಿಹಾರವಿಲ್ಲ.

ಬಸವನಹುಳು. ಮಳೆಗಾಲದ ರಾತ್ರಿ ಬೇರಿನ ಎಳೆ ತುದಿಯನ್ನು ಮೇಯುತ್ತದೆ. ಟಾರ್ಚ್ ಹಿಡಿದು ಹೆಕ್ಕಿ. ನೋಡಿದವರು ನಗುತ್ತಾರೆ, ನಗಲಿ.

ಇದರಿಂದ ಏನು ಲಾಭ? ಇದು ಉತ್ಪನ್ನದ ದೋಷವಲ್ಲ, ಆದರೂ ಎಲ್ಲರೂ ಕೇಳುವುದರಿಂದ ಉತ್ತರಿಸಬೇಕಾಗಿದೆ. ಲಾಭದ ಆರ್ಕಿಡ್ ಒಂದನ್ನು ಮಲೆನಾಡು, ಕರಾವಳಿ, ಕೊಡಗಿನವರು ಈಗಾಗಲೇ ಬೆಳೆಸಿ ನೋಡಿದ್ದಾರೆ. ವೆನಿಲ್ಲಾ ಕೂಡ ಆರ್ಕಿಡ್ಡೇ, ಮೆಕ್ಸಿಕೊ ಕಡೆಯದು. ಅಲ್ಲಿನ ಜೇನುನೊಣ ಇಲ್ಲಿಲ್ಲದ್ದರಿಂದ ಬೆಳಗಾಗೆದ್ದು ಹೂವು ಹೂವಿಗೂ ಕಡ್ಡಿ ಹಿಡಿದು ಪರಾಗ ತಾಗಿಸಬೇಕು. ರಿಯೂನಿಯನ್ ದ್ವೀಪದಲ್ಲಿ ಗುಲಾಮನಾಗಿದ್ದ ಎಡ್ಮಂಡ್ ಆಲ್ಬಿಯಸ್ ಎಂಬ 12 ವರ್ಷದ ಹುಡುಗ 1841ರಲ್ಲಿ ಕಂಡುಕೊಂಡ ಉಪಾಯ ಅದು. 2003ರ ಆಸುಪಾಸಿನಲ್ಲಿ ಹಸಿಕೋಡಿನ ಬೆಲೆ ಕಿಲೋಗೆ ಸಾವಿರಗಳ ಲೆಕ್ಕಕ್ಕೆ ಏರಿತು, ಜನ ರಾತ್ರಿ ತೋಟ ಕಾದರು, ಬಳ್ಳಿಯ ತುಂಡಿಗೂ ಕ್ಯೂ ನಿಂತರು. ಒಂದೆರಡು ವರ್ಷದಲ್ಲಿ ಬೆಲೆ ನೆಲಕಚ್ಚಿತು. ಬಳ್ಳಿಗಳನ್ನು ಕಿತ್ತು ಎಸೆದರು. ಸೀತಾಳೆಗೆ ಯಾವತ್ತೂ ಧಾರಣೆ ಇರಲಿಲ್ಲ, ಆದ್ದರಿಂದ ಕುಸಿಯಲೂ ಇಲ್ಲ.

ನಿರೀಕ್ಷಿತ ಕಾರ್ಯನಿರ್ವಹಣೆ

ಎಲ್ಲ ಸರಿಯಿದ್ದರೆ ಮುಂಗಾರಿನ ಹೊಸ್ತಿಲಲ್ಲಿ, ಎಲೆಯ ಕಂಕುಳಿಂದ ಒಂದು ದಂಡೆ ಇಳಿಯುತ್ತದೆ. ಗೇಣುದ್ದಕ್ಕೂ ಮಿಕ್ಕಿದ ಆ ಗೊಂಚಲಲ್ಲಿ ಒತ್ತೊತ್ತಾಗಿ ನೂರಕ್ಕೂ ಹೆಚ್ಚು ಹೂಗಳಿರಬಹುದು. ಬಿಳಿಯ ಮೇಲೆ ನೇರಳೆಗುಲಾಬಿ ಚುಕ್ಕೆ, ನಡುವೆ ಗಾಢಬಣ್ಣದ ತುಟಿ. ಹತ್ತಿರ ಹೋಗಿ ಒಂದೇ ಒಂದು ಹೂವನ್ನು ನೋಡಿ. ಸಾಮಾನ್ಯ ಹೂಗಳಲ್ಲಿರುವಂತೆ ಪುಡಿಪುಡಿ ಪರಾಗ ಇದರಲ್ಲಿಲ್ಲ. ಪರಾಗವೆಲ್ಲ ಪುಟಾಣಿ ಉಂಡೆಗಳಾಗಿ, ಅಂಟುಬುಡದ ಕಡ್ಡಿಗೆ ಕೂತಿದೆ. ಒಳಗೆ ತಲೆ ತೂರಿದ ಕೀಟದ ಮೈಗೆ ಆ ಇಡೀ ಸರಂಜಾಮು ಒಮ್ಮೆಲೇ ಅಂಟಿಕೊಳ್ಳುತ್ತದೆ. ಮುಂದಿನ ಹೂವಿಗೆ ಅದನ್ನು ತಲುಪಿಸಿದರೆ ಒಂದೇ ಭೇಟಿಯಲ್ಲಿ ಒಂದು ಕಾಯಿ ತುಂಬ ಬೀಜ, ದಾರಿ ತಪ್ಪಿದರೆ ಎಲ್ಲವೂ ಸೊನ್ನೆ. ಇದಕ್ಕೆ ಪ್ರತಿಯಾಗಿ ಕೀಟಕ್ಕೆ ಸಿಗುವ ಸಂಬಳ ಗ್ಯಾರಂಟಿಯಲ್ಲ. ಜಗತ್ತಿನ ಆರ್ಕಿಡ್‌ಗಳಲ್ಲಿ ಸುಮಾರು ಮೂರನೇ ಒಂದು ಭಾಗ ಮಕರಂದವನ್ನೇ ಇಡದೆ ಬರೀ ಬಣ್ಣ ವಾಸನೆ ತೋರಿಸಿ ಕೆಲಸ ಮಾಡಿಸಿಕೊಳ್ಳುತ್ತವೆ. ನೂರು ಹೂವಿನ ದಂಡೆಯಲ್ಲಿ ಕಾಯಿ ಕಟ್ಟುವುದು ಬೆರಳೆಣಿಕೆಯಷ್ಟು ಏಕೆಂದು ಈಗ ತಿಳಿಯಿತಲ್ಲ.

ದಂಡೆಯನ್ನು ಮುಡಿಯಬಹುದೇ? ಮುಡಿಯಬಹುದು. ಸೀತೆಗೆ ಇದ್ದ ಹಕ್ಕು ನಿಮಗೂ ಇದೆ. ಮರದಲ್ಲೊಂದಿಷ್ಟು ಬಿಡಿ. ಮುಡಿದದ್ದು ಸಂಜೆಗೆ ಬಾಡುತ್ತದೆ, ಮರದಲ್ಲಿದ್ದದ್ದು ವಾರ ಕಳೆದರೂ ಇರುತ್ತದೆ. ಆ ದಿನಗಳಲ್ಲಿ ನೆಂಟರು ಫೋಟೊ ತೆಗೆಯಲು ಬರುತ್ತಾರೆ, ಹೋಗುವಾಗ "ಒಂದು ಬುಡ ಕೊಡಿ" ಎನ್ನುತ್ತಾರೆ. ಸೀತಾಳೆ ಬಾಳೆಯಂತೆ ಪಕ್ಕಕ್ಕೆ ಮರಿ ಹಾಕುತ್ತ ಹಬ್ಬುವುದಿಲ್ಲ, ಒಂಟಿ ಸುಳಿಯಲ್ಲಿ ಮೇಲಕ್ಕೆ ಬೆಳೆಯುತ್ತದೆ. ಹಳೇ ಬುಡದಲ್ಲಿ ಯಾವಾಗಲೋ ಒಂದು ಪಿಳ್ಳೆ ಬಂದರೆ ಅದು ಹಂಚಲು. ಮೂಲ ಗಿಡವನ್ನು ಮುರಿದು ಕೊಟ್ಟರೆ ಸಾಮಾನ್ಯವಾಗಿ ಎರಡೂ ಮನೆಗೆ ಗಿಡವಿಲ್ಲ.

ವಾರಂಟಿ

ತಯಾರಕರಿಂದ ಯಾವ ಖಾತರಿಯೂ ಇಲ್ಲ. ಬಿಡಿಭಾಗ ಸಿಗುವುದಿಲ್ಲ. ನಿಂತಿರುವ ಮರ ಇರುವವರೆಗೆ ಗಿಡ ಇರುತ್ತದೆ, ಇಷ್ಟೇ ಷರತ್ತು. ಹೊಸ ಮನೆ ಕಟ್ಟುವಾಗ, ಇಂಟರ್‌ಲಾಕ್ ಹಾಕಿಸುವಾಗ, ಸೋಲಾರಿಗೆ ನೆರಳು ಬೀಳುತ್ತದೆಂದಾಗ ಮೊದಲು ಹೋಗುವುದು ಹಿತ್ತಿಲ ಹಳೇ ಮಾವೇ. ಮರ ಉಳಿಸಲು ಆಗದಿದ್ದರೆ ಕಡಿಯುವ ಹಿಂದಿನ ದಿನವೇ ಅದರ ಮೇಲಿದ್ದವರನ್ನು ಇಳಿಸಿಕೊಳ್ಳಿ.

ಕೊನೆಯದಾಗಿ ಒಂದು ವಿನಂತಿ. ಘಟ್ಟದ ಊರುಗಳಲ್ಲಿ ರಸ್ತೆ ಅಗಲವಾಗುತ್ತಿದೆ, ಲೈನಿಗಾಗಿ ಮರ ಬೀಳುತ್ತಿದೆ. ನಿಮ್ಮೂರಿನಲ್ಲಿ ಮರ ಉರುಳಿಸುವ ಸುದ್ದಿ ಕಿವಿಗೆ ಬಿದ್ದರೆ ಅರಣ್ಯ ಇಲಾಖೆಯ ಕಚೇರಿಗೆ ಹೋಗಿ, ಬಿದ್ದ ಮರದ ಆರ್ಕಿಡ್ ಎತ್ತಿಕೊಳ್ಳಲು ಒಪ್ಪಿಗೆ ಕೇಳಿ. ಟಿಂಬರ್ ಲಾರಿ ಬರುವುದರೊಳಗೆ ಗೋಣಿಚೀಲ ಹಿಡಿದು ಅಲ್ಲಿರಿ. ನಾಟಾ ಲೆಕ್ಕ ಹಾಕುವವರು ಕೊಂಬೆ ಸವರಿದ ರಾಶಿಯನ್ನು ನೋಡುವುದೂ ಇಲ್ಲ; ನಿಮಗೆ ಬೇಕಾದದ್ದು ಆ ರಾಶಿಯಲ್ಲೇ ಇರುತ್ತದೆ.